ಬ್ಯೂಲಿಯ ಗೂಢಚಾರ ಶಾಲೆಯನ್ನು ನೋಡುವುದು ಹೇಗೆ

ಇಂಗ್ಲೆಂಡಿನ ದಕ್ಷಿಣ ಭಾಗದ ಹ್ಯಾಂಪ್‌ಶೈರಿನಲ್ಲಿ, ನ್ಯೂ ಫಾರೆಸ್ಟ್ ಕಾಡಿಗೆ ಸೇರಿಕೊಂಡಂತೆ ಇರುವ ಬ್ಯೂಲಿ ಎಸ್ಟೇಟಿಗೆ ಬರುವವರಲ್ಲಿ ಹೆಚ್ಚಿನವರು ಅಲ್ಲಿನ ಹಳೆಯ ಕಾರುಗಳ ವಸ್ತುಸಂಗ್ರಹಾಲಯವನ್ನು ನೋಡಿ ಹಿಂತಿರುಗುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಇದೇ ಎಸ್ಟೇಟಿನ ಮರಗಳ ಮರೆಯಲ್ಲಿದ್ದ ಹತ್ತು ಹನ್ನೆರಡು ಬಂಗಲೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಂಡು, ಜರ್ಮನರ ಆಕ್ರಮಣಕ್ಕೆ ಒಳಗಾದ ದೇಶಗಳಿಗೆ ಗುಟ್ಟಾಗಿ ಹೋಗಬೇಕಾಗಿದ್ದ ಮೂರು ಸಾವಿರಕ್ಕೂ ಹೆಚ್ಚು ಮಂದಿಗೆ ಕೊನೆಯ ಹಂತದ ತರಬೇತಿ ಕೊಟ್ಟಿತು. ಆ ಬಂಗಲೆಗಳಲ್ಲಿ ಬಹುಪಾಲು ಇಂದು ಖಾಸಗಿ ಮನೆಗಳು. ಹೊರಗಿನಿಂದ ನೋಡಿದರೆ ಒಳಗೆ ನಡೆದದ್ದರ ಸುಳಿವೂ ಸಿಗುವುದಿಲ್ಲ. ಆದ್ದರಿಂದ ಬ್ಯೂಲಿಗೆ ಹೋಗುವ ಮೊದಲು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಒಂದು ದಿನ ಕಳೆಯಿರಿ ಎಂಬುದು ನನ್ನ ಮುಖ್ಯ ಸಲಹೆ. ಕಡತ ಓದಿದವರಿಗೆ ಆ ಕಾಡುದಾರಿ ಬೇರೆಯಾಗಿಯೇ ಕಾಣುತ್ತದೆ.

ಓದುವುದಕ್ಕೆ ಯಾರ ಕಡತವನ್ನು ಆರಿಸಿಕೊಳ್ಳಬೇಕು ಎಂದು ಕೇಳಿದರೆ, ನೂರ್ ಇನಾಯತ್ ಖಾನ್ ಅವರದನ್ನು ಎನ್ನುತ್ತೇನೆ. 1914ರ ಜನವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸ್ಸಿನ ಬಳಿ ಬೆಳೆದು, ಮಕ್ಕಳ ಕಥೆಗಳನ್ನು ಬರೆಯುತ್ತಿದ್ದ ಈಕೆಯ ತಂದೆ ಸೂಫಿ ಗುರು, ವೈಣಿಕ ಹಜ್ರತ್ ಇನಾಯತ್ ಖಾನ್; ತಾಯಿ ಅಮೆರಿಕದ ಓರಾ ರೇ ಬೇಕರ್. ಇನಾಯತ್ ಖಾನರ ತಾಯಿಯ ತಂದೆ ಮೌಲಾ ಬಕ್ಷ್ ಮೈಸೂರು ಆಸ್ಥಾನದಲ್ಲಿ ಮನ್ನಣೆ ಪಡೆದ ಸಂಗೀತಗಾರರಾಗಿದ್ದು, ಅವರ ಪತ್ನಿ ಟಿಪ್ಪು ಸುಲ್ತಾನನ ವಂಶದವರೆಂಬುದು ಆ ಕುಟುಂಬದಲ್ಲಿ ತಲೆಮಾರುಗಳಿಂದ ಉಳಿದು ಬಂದ ಮಾತು. ಕನ್ನಡದ ಓದುಗರಿಗೆ ಈ ಎಳೆ ಸಹಜವಾಗಿಯೇ ಹತ್ತಿರವೆನಿಸುತ್ತದೆ. ಆದರೆ ಆಕೆಯ ಧೈರ್ಯಕ್ಕೆಲ್ಲ ವಂಶವನ್ನೇ ಕಾರಣವಾಗಿಸಿದರೆ ಆಕೆ ತಾನಾಗಿ ಮಾಡಿದ ಆಯ್ಕೆಯನ್ನು ಕಿರಿದುಗೊಳಿಸಿದಂತಾಗುತ್ತದೆ. 1940ರ ನವೆಂಬರಿನಲ್ಲಿ ವಾಯುಪಡೆಯ ಮಹಿಳಾ ವಿಭಾಗಕ್ಕೆ ಸೇರಿ ವೈರ್‌ಲೆಸ್ ಕಲಿತ ನೂರ್ ಅವರನ್ನು 1943ರ ಆರಂಭದಲ್ಲಿ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯುಟಿವ್, ಅಂದರೆ ಬ್ಯೂಲಿಯ ಶಾಲೆಯನ್ನು ನಡೆಸುತ್ತಿದ್ದ ಎಸ್.ಓ.ಇ. ಎಂಬ ಗುಪ್ತ ಸಂಸ್ಥೆಯ ಫ್ರಾನ್ಸ್ ವಿಭಾಗ ತೆಗೆದುಕೊಂಡಿತು.

ಕ್ಯೂನಲ್ಲಿ ಮೂಲ ಕಡತಗಳನ್ನು ನೋಡಲು ಓದುಗರ ಟಿಕೆಟ್ ಬೇಕು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಅಂತರ್ಜಾಲದಲ್ಲಿ ಹೆಸರು ನೋಂದಾಯಿಸಿ, ಗುರುತಿನ ದಾಖಲೆಯನ್ನೂ ವಿಳಾಸದ ದಾಖಲೆಯನ್ನೂ ಜೊತೆಗೆ ಒಯ್ಯಬೇಕು. ಭಾರತದಿಂದ ಹೋಗುವವರು ಪಾಸ್‌ಪೋರ್ಟನ್ನಷ್ಟೇ ನೆಚ್ಚಿಕೊಳ್ಳದೆ, ವಿಳಾಸಕ್ಕೆ ಯಾವ ದಾಖಲೆಗಳು ಸಲ್ಲುತ್ತವೆ ಎಂಬುದನ್ನು ಪತ್ರಾಗಾರದ ಜಾಲತಾಣದಲ್ಲಿ ನೋಡಿಕೊಂಡೇ ಹೊರಡುವುದು ಒಳ್ಳೆಯದು. ಭೇಟಿಯ ದಿನವನ್ನು ಮೊದಲೇ ಕಾಯ್ದಿರಿಸಿ, ಬೇಕಾದ ಕಡತಗಳನ್ನು ಮುಂಚಿತವಾಗಿ ತರಿಸಿಡಲು ಕೋರಿಕೊಳ್ಳಿ. ಡಿಸ್ಟ್ರಿಕ್ಟ್ ಮಾರ್ಗದ ಕ್ಯೂ ಗಾರ್ಡನ್ಸ್ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ವಾಚನಾಲಯದೊಳಗೆ ಪೆನ್ನಿಗೆ ಅವಕಾಶವಿಲ್ಲ, ಪೆನ್ಸಿಲ್ ಮಾತ್ರ. ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆದುಕೊಳ್ಳಬಹುದು.

ನೂರ್ ಅವರ ವೈಯಕ್ತಿಕ ಕಡತದ ಸಂಖ್ಯೆ ಎಚ್‌ಎಸ್ 9/836/5. ಅದನ್ನು ತೆರೆಯುವ ಮೊದಲು ಎಚ್‌ಎಸ್ 7/55 ಮತ್ತು 7/56 ಎಂಬ ಎರಡು ಕಡತಗಳನ್ನು ತರಿಸಿಕೊಳ್ಳಿ, ಏಕೆಂದರೆ ಎಸ್.ಓ.ಇ. ಶಾಲೆಗಳಲ್ಲಿ ಹೇಳಿಕೊಡುತ್ತಿದ್ದ ಪಾಠಗಳ ಪಠ್ಯ ಅವುಗಳಲ್ಲಿದೆ. ಹುಸಿ ಗುರುತಿನ ಕಥೆಯನ್ನು ಕಟ್ಟುವಾಗ ಸಾಧ್ಯವಾದಷ್ಟೂ ಸ್ವಂತ ಬದುಕಿನ ನಿಜವನ್ನೇ ಅದರೊಳಗೆ ತುಂಬಬೇಕು. ವಿಚಾರಣೆಗೆ ಸಿಕ್ಕಿದರೆ ಜಾಣತನ ತೋರಿಸಲು ಹೋಗದೆ ನಿಧಾನವಾಗಿ, ಸ್ಪಷ್ಟವಾಗಿ ಉತ್ತರಿಸಬೇಕು. ಬೆನ್ನು ಹತ್ತಿದವರನ್ನು ಗುರುತಿಸುವುದು ಹೀಗೆ, ಕಾಗದವನ್ನು ಕೈಯಿಂದ ಕೈಗೆ ದಾಟಿಸುವುದು ಹೀಗೆ ಎಂದು ಪಾಠಗಳು ಸಾಗುತ್ತವೆ. ಶತ್ರುವಿನ ಪೊಲೀಸ್ ವ್ಯವಸ್ಥೆಯ ವಿವರ, ಸಂಕೇತಲಿಪಿ, ಕಾಣದ ಶಾಯಿ, ಪ್ರಚಾರತಂತ್ರ ಎಲ್ಲವೂ ಪಠ್ಯಕ್ರಮದಲ್ಲಿದ್ದವು. ಪ್ರಚಾರತಂತ್ರವನ್ನು ಕಲಿಸಿದವರಲ್ಲಿ, ಮುಂದೆ ಸೋವಿಯತ್ ಒಕ್ಕೂಟದ ಗೂಢಚಾರನೆಂದು ಬಯಲಾದ ಕಿಮ್ ಫಿಲ್ಬಿಯೂ ಒಬ್ಬ.

ಈ ಪಾಠಗಳನ್ನು ಓದಿದ ಮೇಲೆ ನೂರ್ ಅವರ ಕಡತದಲ್ಲಿರುವ ತರಬೇತಿ ವರದಿಗಳ ತೂಕ ಸರಿಯಾಗಿ ತಿಳಿಯುತ್ತದೆ. ಬ್ಯೂಲಿಯ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಫ್ರ್ಯಾಂಕ್ ಸ್ಪೂನರ್ 1943ರ ಮೇ ತಿಂಗಳಿನಲ್ಲಿ ಬರೆದ ವರದಿ, ಆಕೆಗೆ ಬುದ್ಧಿಯ ಹೊರೆಯೇನೂ ಹೆಚ್ಚಿಲ್ಲ, ಶ್ರದ್ಧೆಯಿಂದ ದುಡಿದಿದ್ದಾಳೆ, ಆದರೆ ಗೋಪ್ಯತೆಯ ಪಾಠಗಳೆಂದರೆ ಅಷ್ಟಾಗಿ ಹಿಡಿಸುವುದಿಲ್ಲ, ಕಾರ್ಯಕ್ಷೇತ್ರಕ್ಕೆ ತಕ್ಕವಳೇ ಎಂಬುದು ತೀರ ಸಂದೇಹ ಎಂಬ ಅರ್ಥದ ಮಾತುಗಳನ್ನು ಹೇಳುತ್ತದೆ. ಫ್ರಾನ್ಸ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಇದನ್ನು ಸಿಟ್ಟಿನಿಂದಲೇ ತಳ್ಳಿಹಾಕಿದರು. ಇಲ್ಲಿ ಓದುಗರು ಅವಸರದಿಂದ ಒಂದು ಪಕ್ಷ ವಹಿಸಬಾರದು ಎಂದು ನನಗನಿಸುತ್ತದೆ. ಸುಳ್ಳಾಡುವುದು ಹಿಡಿಸದಂತೆ ಬೆಳೆದ ಹುಡುಗಿಗೆ ಸುಳ್ಳಿನಲ್ಲೇ ಬದುಕುವ ಕಲೆ ಒಗ್ಗಲಿಲ್ಲ ಎಂಬುದನ್ನು ಸ್ಪೂನರ್ ಸರಿಯಾಗಿಯೇ ಕಂಡಿದ್ದರು. ಆಕೆ ಎಂಥ ಒತ್ತಡಕ್ಕೂ ಮಣಿಯದವಳು ಎಂಬುದನ್ನು ಮಾತ್ರ ಆ ತರಗತಿಗಳು ಅಳೆಯಲಾರದೆ ಹೋದವು.

ಬ್ಯೂಲಿಗೆ ಹೋಗಲು ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಬ್ರಾಕನ್‌ಹರ್ಸ್ಟ್‌ಗೆ ರೈಲು ಹಿಡಿಯಿರಿ. ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಅಲ್ಲಿಂದ ಮುಂದೆ ಸುಮಾರು ಹತ್ತು ಕಿಲೋಮೀಟರ್ ದೂರಕ್ಕೆ ಟ್ಯಾಕ್ಸಿಯೇ ಲೇಸು, ಹಿಂದಿರುಗುವ ಟ್ಯಾಕ್ಸಿಯನ್ನೂ ಅಲ್ಲಿಯೇ ಗೊತ್ತುಮಾಡಿಕೊಳ್ಳಿ. ಬ್ಯೂಲಿ ರೋಡ್ ಎಂಬ ಹೆಸರಿನ ಸಣ್ಣ ನಿಲ್ದಾಣವೊಂದಿದೆ. ಹೆಸರು ಕಂಡು ಅಲ್ಲಿ ಇಳಿಯಬೇಡಿ, ಅದು ಊರಿನಿಂದ ದೂರ ಬಯಲಿನ ನಡುವೆ ಇದೆ.

ಎಸ್ಟೇಟಿನ ಪ್ರವೇಶದ ಟಿಕೆಟಿನಲ್ಲಿ ಕಾರುಗಳ ಸಂಗ್ರಹಾಲಯದ ಜೊತೆಗೆ ಮಾಂಟೆಗ್ಯೂ ಮನೆತನದ ಪ್ಯಾಲೆಸ್ ಹೌಸ್, 1204ರಲ್ಲಿ ಕಿಂಗ್ ಜಾನ್ ಸ್ಥಾಪಿಸಿದ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಮಠದ ಅವಶೇಷಗಳು, ಎಸ್.ಓ.ಇ. ತರಬೇತಿಯ ಕುರಿತಾದ ರಹಸ್ಯ ಸೇನೆ ಪ್ರದರ್ಶನ ಎಲ್ಲವೂ ಸೇರಿವೆ. ಬೆಳಿಗ್ಗೆ ಬಾಗಿಲು ತೆರೆಯುತ್ತಿದ್ದಂತೆ, ಜನ ಕಾರುಗಳ ಕಡೆಗೆ ಹೋಗುವಾಗ, ನೀವು ನೇರವಾಗಿ ಮಠದ ಆವರಣಕ್ಕೆ ಹೋಗಿ ಆ ಪ್ರದರ್ಶನವನ್ನು ನೋಡಿಬಿಡಿ. ತರಬೇತುದಾರರ ಪರಿಚಯದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಸಾರ್ಥಕ. ಸ್ಯಾಂಡ್ರಿಂಗ್‌ಹ್ಯಾಮ್ ರಾಜಮನೆತನದ ಎಸ್ಟೇಟಿನಲ್ಲಿ ಬೇಟೆಯ ಪ್ರಾಣಿಗಳನ್ನು ಕಾಯುತ್ತಿದ್ದವನೊಬ್ಬ ಇಲ್ಲಿ ಕಾಡಿನಲ್ಲಿ ಸಿಕ್ಕಿದ್ದನ್ನು ತಿಂದು ಬದುಕುವ ಬಗೆಯನ್ನು ಕಲಿಸಿದ. ನಡುರಾತ್ರಿಯಲ್ಲಿ ಜರ್ಮನ್ ಸಮವಸ್ತ್ರ ತೊಟ್ಟವರು ವಿದ್ಯಾರ್ಥಿಗಳನ್ನು ಹಾಸಿಗೆಯಿಂದ ಎಬ್ಬಿಸಿ, ಕಣ್ಣು ಕೋರೈಸುವ ದೀಪದ ಮುಂದೆ ನಿಲ್ಲಿಸಿ, ಅವರ ಹುಸಿ ಹೆಸರು, ಹುಸಿ ಊರು, ಹುಸಿ ಉದ್ಯೋಗವನ್ನು ಮತ್ತೆ ಮತ್ತೆ ಕೇಳುತ್ತಿದ್ದರು.

ಮಠದ ಪಡಸಾಲೆಯ ಗೋಡೆಯಲ್ಲಿ ಇಲ್ಲಿ ಕಲಿತು ಹೋದವರ ಸ್ಮರಣೆಗಾಗಿ ಒಂದು ಫಲಕವಿದೆ. ಎಸ್.ಓ.ಇ.ಯ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ಕಾಲಿನ್ ಗಬಿನ್ಸ್ 1969ರಲ್ಲಿ ಅದನ್ನು ಅನಾವರಣ ಮಾಡಿದರು. ಅದರಲ್ಲಿ ಯಾರ ಹೆಸರೂ ಇಲ್ಲವಾದ್ದರಿಂದ ನೂರ್ ಅವರ ಹೆಸರನ್ನು ಹುಡುಕಬೇಡಿ.

ಇನ್ನು ಬಂಗಲೆಗಳ ವಿಚಾರ. ಇವು ಒಂದೇ ಕಡೆ ಗುಂಪಾಗಿ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಸಿರಿವಂತರು ಎಸ್ಟೇಟಿನಿಂದ ಜಾಗ ಪಡೆದು, ನೆರೆಯವರ ಕಣ್ಣಿಗೆ ಬೀಳದಂತೆ ಮರಗಳ ನಡುವೆ ಅಲ್ಲೊಂದು ಇಲ್ಲೊಂದು ಕಟ್ಟಿಸಿಕೊಂಡಿದ್ದ ಮನೆಗಳಿವು. ಆ ಚದುರಿಕೆಯೇ ಎಸ್.ಓ.ಇ.ಗೆ ಅನುಕೂಲವಾಯಿತು. ಫ್ರಾನ್ಸಿಗೆ ಹೋಗುವವರು ಒಂದು ಮನೆಯಲ್ಲಿ, ನಾರ್ವೆಗೆ ಹೋಗುವವರು ಇನ್ನೊಂದರಲ್ಲಿ. ಒಂದು ಮನೆಯವರಿಗೆ ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ತಿಳಿಯುತ್ತಿರಲಿಲ್ಲ. ಅಧ್ಯಾಪಕರು ಮಾತ್ರ ರಿಂಗ್ಸ್ ಎಂಬ ಮುಖ್ಯ ಕಚೇರಿಯಿಂದ ಮನೆಯಿಂದ ಮನೆಗೆ ಹೋಗಿ ಪಾಠ ಹೇಳುತ್ತಿದ್ದರು. ಸಿಕ್ಕಿಬಿದ್ದ ಒಬ್ಬನ ಬಾಯಿಂದ ಹತ್ತು ಜನರ ಹೆಸರು ಹೊರಬೀಳದಿರಲಿ ಎಂಬ ಎಚ್ಚರ ಅಲ್ಲಿನ ವಾಸದ ಏರ್ಪಾಟಿನಲ್ಲಿಯೇ ಇತ್ತು. ರಿಂಗ್ಸ್ ಈಗ ಉಳಿದಿಲ್ಲ. ಉಳಿದ ಮನೆಗಳ ಗೇಟು ದಾಟುವುದಾಗಲಿ, ಬಾಗಿಲು ತಟ್ಟುವುದಾಗಲಿ ಸಲ್ಲದು. ಒಳಗೆ ಹೋಗಿ ನೋಡಲೇಬೇಕೆಂಬ ಆಸೆಯಿದ್ದರೆ, ಹೌಸ್ ಇನ್ ದ ವುಡ್ ಎಂಬ ಮನೆಯ ತೋಟವನ್ನು ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂಬ ದತ್ತಿಸಂಸ್ಥೆಯ ಮೂಲಕ ಕೆಲವು ವರ್ಷಗಳಲ್ಲಿ ಮೇ ತಿಂಗಳ ಒಂದು ದಿನ ಸಾರ್ವಜನಿಕರಿಗೆ ತೆರೆದದ್ದಿದೆ. ಆ ಸಂಸ್ಥೆಯ ಪಟ್ಟಿಯನ್ನು ನೋಡಿಕೊಂಡು ಪ್ರಯಾಣದ ದಿನಾಂಕ ಗೊತ್ತುಮಾಡಿದರೆ ರೊಡೊಡೆಂಡ್ರನ್ ಹೂಗಳ ಕಾಲವೂ ಕೂಡಿಬರುತ್ತದೆ.

ಸಮಯ ಉಳಿದವರು ಸರ‍್ರೆಯ ಗಿಲ್ಡ್‌ಫರ್ಡ್ ಬಳಿಯ ವಾನ್‌ಬರೊಗೆ ಹೋಗಬಹುದು. ಅಲ್ಲಿನ ಮ್ಯಾನರ್ ಬಂಗಲೆಯಲ್ಲಿ ನೂರ್ ಮೊದಲ ಹಂತದ ತರಬೇತಿ ಪಡೆದರು. ಅದೂ ಖಾಸಗಿ ಮನೆಯೇ. ಪಕ್ಕದ ಪುಟ್ಟ ಚರ್ಚಿನ ಅಂಗಳದವರೆಗೆ ಮಾತ್ರ ಹೋಗಬಹುದು.

ಬ್ಯೂಲಿಯ ಪಾಠ ಮುಗಿದ ಕೆಲವೇ ವಾರಗಳಲ್ಲಿ, 1943ರ ಜೂನ್ 16ರ ರಾತ್ರಿ, ನೂರ್ ಲೈಸ್ಯಾಂಡರ್ ವಿಮಾನದಲ್ಲಿ ಫ್ರಾನ್ಸಿಗೆ ಹೋದರು. ಆಕೆ ಸೇರಬೇಕಾಗಿದ್ದ ಪ್ರಾಸ್ಪರ್ ಎಂಬ ಗೂಢಚಾರರ ಜಾಲ ಕೆಲವೇ ದಿನಗಳಲ್ಲಿ ಜರ್ಮನರ ಕೈಗೆ ಸಿಕ್ಕಿ ಕುಸಿಯಿತು. ಹಿಂದಿರುಗಬಹುದೆಂದರೂ ಒಪ್ಪದೆ, ಜಾಗ ಬದಲಾಯಿಸುತ್ತ ಪ್ಯಾರಿಸ್ಸಿನಿಂದ ಸಂದೇಶ ಕಳುಹಿಸುತ್ತಲೇ ಇದ್ದ ಆಕೆ ಅಕ್ಟೋಬರಿನಲ್ಲಿ ದ್ರೋಹಕ್ಕೆ ಬಲಿಯಾಗಿ ಸೆರೆಸಿಕ್ಕರು. ಕಳುಹಿಸಿದ ಸಂದೇಶಗಳನ್ನೆಲ್ಲ ಬರೆದಿಟ್ಟಿದ್ದ ನೋಟ್‌ಬುಕ್ಕೂ ಸಿಕ್ಕಿಬಿತ್ತು. ಅದರ ನೆರವಿನಿಂದ ಜರ್ಮನರು ಆಕೆಯ ಹೆಸರಿನಲ್ಲೇ ಲಂಡನ್ನಿಗೆ ಸುಳ್ಳು ಸಂದೇಶ ಕಳುಹಿಸಿದರು, ಲಂಡನ್ ನಂಬಿತು, ಇನ್ನಷ್ಟು ಜೀವಗಳು ಹೋದವು. ಈ ಲೋಪವನ್ನು ಮುಚ್ಚಿಡುವ ಅಗತ್ಯವಿಲ್ಲ, ಅದರ ಹೊಣೆಯನ್ನೆಲ್ಲ ಆಕೆಯೊಬ್ಬಳ ತಲೆಗೆ ಕಟ್ಟುವುದೂ ನ್ಯಾಯವಲ್ಲ; ಸಂದೇಹ ಪಡಬೇಕಾಗಿದ್ದ ಕಚೇರಿ ಸಂದೇಹ ಪಡಲಿಲ್ಲ. ವಿಚಾರಣೆಯಲ್ಲಿ ಬಾಯಿಬಿಡದೆ, ತಪ್ಪಿಸಿಕೊಳ್ಳಲು ಯತ್ನಿಸಿ, ಜರ್ಮನಿಯ ಫೋರ್ಜ್‌ಹೈಮಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಸಂಕೋಲೆಯಲ್ಲಿದ್ದ ನೂರ್ ಅವರನ್ನು 1944ರ ಸೆಪ್ಟೆಂಬರ್ 13ರಂದು ನಾಜಿಗಳ ಡಾಕೌ ಸೆರೆಶಿಬಿರದಲ್ಲಿ ಇನ್ನೂ ಮೂವರು ಸಂಗಾತಿಗಳೊಡನೆ ಕೊಂದರು. ಬ್ರಿಟನ್ 1949ರಲ್ಲಿ ಜಾರ್ಜ್ ಕ್ರಾಸ್ ಪದಕವನ್ನು ಮರಣೋತ್ತರವಾಗಿ ನೀಡಿತು.

ಲಂಡನ್ನಿಗೆ ಮರಳಿದ ಮೇಲೆ ಗೋರ್ಡನ್ ಸ್ಕ್ವೇರಿನಲ್ಲಿ 2012ರಲ್ಲಿ ಸ್ಥಾಪಿಸಿದ ಆಕೆಯ ಪ್ರತಿಮೆಯನ್ನೂ, ಅಲ್ಲಿಂದ ಹತ್ತಿರದಲ್ಲೇ ಟ್ಯಾವಿಟನ್ ಸ್ಟ್ರೀಟಿನ 4ನೆಯ ಸಂಖ್ಯೆಯ ಮನೆಯ ಮೇಲಿರುವ ನೀಲಿ ಫಲಕವನ್ನೂ ನೋಡಬಹುದು. ಸದ್ಯಕ್ಕೆ ಇಂಗ್ಲೆಂಡಿಗೆ ಹೋಗಲಾಗದವರು ಕ್ಯೂ ಪತ್ರಾಗಾರಕ್ಕೆ ಹಣ ಕೊಟ್ಟು ಕಡತದ ಪ್ರತಿಗಳನ್ನು ತರಿಸಿಕೊಳ್ಳಲು ಅವಕಾಶವಿದೆ. ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಧ್ವನಿಸಂಗ್ರಹದಲ್ಲಿ ಎಸ್.ಓ.ಇ.ಯಲ್ಲಿ ಕಲಿತವರ, ಕಲಿಸಿದವರ ಸಂದರ್ಶನಗಳಿದ್ದು, ಅವುಗಳಲ್ಲಿ ಅನೇಕವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೇಳಬಹುದು. ಬ್ಯೂಲಿಯ ಹೆಸರಿನಿಂದ ಹುಡುಕಲು ತೊಡಗಿ.