ಮಟಮಟ ಮಧ್ಯಾಹ್ನದ ನೆರಳು: ಒಂದು ಕೋಲಿನಿಂದ ಮಕ್ಕಳಿಗೆ ವಿಜ್ಞಾನ ಕಲಿಸುವ ಬಗೆ

ಸೂರ್ಯ ನೆತ್ತಿಯ ಮೇಲೆ ಬರುವುದು ಯಾವಾಗ ಎಂದು ಕೇಳಿದರೆ, ಆರನೆಯ ತರಗತಿಯ ಮಕ್ಕಳಿಂದ ಹಿಡಿದು ಅವರ ಅಜ್ಜ ಅಜ್ಜಿಯರವರೆಗೆ ಬಹುತೇಕ ಎಲ್ಲರೂ "ದಿನಾ ಮಧ್ಯಾಹ್ನ ಹನ್ನೆರಡಕ್ಕೆ" ಎಂದೇ ಹೇಳುತ್ತಾರೆ. ಈ ಉತ್ತರದಲ್ಲಿ ಎರಡು ತಪ್ಪುಗಳಿವೆ. ಕರ್ನಾಟಕದ ಯಾವುದೇ ಊರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುವುದು ವರ್ಷಕ್ಕೆ ಎರಡು ಸಲ ಮಾತ್ರ. ಆ ದಿನಗಳಲ್ಲಿಯೂ ಅಷ್ಟು ಹೊತ್ತಿಗೆ ಗಡಿಯಾರ ಹನ್ನೆರಡನ್ನು ದಾಟಿರುತ್ತದೆ. ಇದನ್ನು ನಾವು ಹೇಳಿಬಿಟ್ಟರೆ ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಹೇಳದೆ ಒಂದು ಕೋಲು ಕೊಟ್ಟು ಅಂಗಳಕ್ಕೆ ಇಳಿಸಿದರೆ ಎರಡೂ ತಪ್ಪುಗಳನ್ನು ಅವರೇ ಹಿಡಿಯುತ್ತಾರೆ. ಅದನ್ನು ಮಾಡಿಸುವುದು ಹೇಗೆ ಎಂಬುದನ್ನು ಶಿಕ್ಷಕರಿಗಾಗಿ ಮತ್ತು ರಜೆಯಲ್ಲಿ ಮಕ್ಕಳ ಜೊತೆ ಕೂರುವ ತಂದೆತಾಯಿಗಳಿಗಾಗಿ ಇಲ್ಲಿ ಬರೆದಿದ್ದೇನೆ.

ಮೊದಲ ಕೆಲಸ ಅಂಗಳದಲ್ಲಿ ಅಲ್ಲ, ನೋಟ್‌ಬುಕ್ಕಿನಲ್ಲಿ. ನೆರಳು ಅತಿ ಚಿಕ್ಕದಾಗುವುದು ಎಷ್ಟು ಗಂಟೆಗೆ, ಆಗ ಅದು ಯಾವ ದಿಕ್ಕಿಗೆ ಬೀಳುತ್ತದೆ, ಒಂದು ಮೀಟರ್ ಕೋಲಿನ ನೆರಳು ಎಷ್ಟು ಸೆಂಟಿಮೀಟರ್ ಇರಬಹುದು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಮಗುವೂ ತನ್ನ ಊಹೆಯನ್ನು ಪೆನ್ನಿನಲ್ಲಿ ಬರೆಯಲಿ. ಪೆನ್ಸಿಲ್ ಬೇಡ, ಏಕೆಂದರೆ ಅಳಿಸಲಾಗದ ಊಹೆಯೇ ಮಗುವನ್ನು ಬಿಸಿಲಿನಲ್ಲಿ ಒಂದು ಗಂಟೆ ನಿಲ್ಲಿಸುತ್ತದೆ. ತಪ್ಪು ಊಹೆಗೆ ಅಂಕ ಕಳೆಯುವುದಿಲ್ಲ ಎಂದು ಮೊದಲೇ ಹೇಳಿಬಿಡಿ.

ಕೋಲಿಗೆ ನೇರವಾದ ಪಿವಿಸಿ ಪೈಪು ಸಾಕು. ಸಮತಟ್ಟಾದ ನೆಲದಲ್ಲಿ, ಮೇಲೆ ಸರಿಯಾಗಿ 100 ಸೆಂಟಿಮೀಟರ್ ಉಳಿಯುವಂತೆ ಅದನ್ನು ಹೂಳಬೇಕು. ಈ ಹಂತದಲ್ಲಿ ಅವಸರ ಮಾಡಬಾರದು. ಕೋಲು ಒಂದೇ ಒಂದು ಡಿಗ್ರಿ ವಾಲಿದರೂ ಅದರ ತುದಿ ಸುಮಾರು 1.7 ಸೆಂಟಿಮೀಟರ್ ಸರಿಯುತ್ತದೆ, ಅಷ್ಟರಮಟ್ಟಿಗೆ ನೆರಳಿನ ಅಳತೆಯೂ ಕೆಡುತ್ತದೆ. ಗಾರೆ ಕೆಲಸದವರು ಗೋಡೆ ನೋಡುವ ಹಾಗೆ, ದಾರಕ್ಕೆ ಒಂದು ಕಲ್ಲು ಕಟ್ಟಿ ಇಳಿಬಿಟ್ಟು, ಎರಡು ಬದಿಗಳಿಂದ ಕೋಲನ್ನು ದಾರಕ್ಕೆ ಹೋಲಿಸಿ ನೋಡುವ ಹೊಣೆಯನ್ನು ಇಬ್ಬರು ಮಕ್ಕಳಿಗೆ ಬಿಡಿ. ಸೂರ್ಯನನ್ನು ಯಾರೂ ನೇರವಾಗಿ ನೋಡಕೂಡದು. ಇಲ್ಲಿ ನೋಡಬೇಕಾದದ್ದೆಲ್ಲ ನೆಲದ ಮೇಲೆಯೇ ಇದೆ.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಒಂದು ಚುಕ್ಕೆ ಇಟ್ಟು, ಕೋಲಿನ ಬುಡವನ್ನು ಕೇಂದ್ರವಾಗಿಸಿ, ಆ ಚುಕ್ಕೆಯ ಮೂಲಕ ಹಾಯುವ ವೃತ್ತವನ್ನು ದಾರದಿಂದ ಎಳೆಯಬೇಕು. ಅಲ್ಲಿಂದ ಮುಂದೆ ಐದೈದು ನಿಮಿಷಕ್ಕೊಮ್ಮೆ ತುದಿಯನ್ನು ಗುರುತಿಸಿ, ಪಕ್ಕದಲ್ಲಿ ಸಮಯ ಬರೆಯುತ್ತಾ ಹೋಗಬೇಕು. ನೆರಳು ವೃತ್ತದ ಒಳಗೆ ಸೇರಿಕೊಂಡು, ಚಿಕ್ಕದಾಗಿ, ಮತ್ತೆ ಬೆಳೆದು, ಇನ್ನೊಂದು ಬದಿಯಲ್ಲಿ ವೃತ್ತವನ್ನು ಮುಟ್ಟುತ್ತದೆ. ಮಧ್ಯಾಹ್ನದ ಆಸುಪಾಸಿನಲ್ಲಿ ನೆರಳಿನ ಉದ್ದ ಬಹಳ ನಿಧಾನವಾಗಿ ಬದಲಾಗುವುದರಿಂದ ಅತಿ ಚಿಕ್ಕ ನೆರಳಿನ ಕ್ಷಣವನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ಆದರೆ ವೃತ್ತವನ್ನು ಮುಟ್ಟಿದ ಎರಡು ಹೊತ್ತುಗಳ ನಡುವಿನ ಹೊತ್ತು ಯಾವುದೆಂದು ಲೆಕ್ಕ ಹಾಕುವುದು ಸುಲಭ. ಎರಡು ಸ್ಪರ್ಶಬಿಂದುಗಳನ್ನು ಸೇರಿಸುವ ಗೆರೆ ಪೂರ್ವ ಪಶ್ಚಿಮವನ್ನು ತೋರಿಸುತ್ತದೆ. ನಮ್ಮ ಪ್ರಾಚೀನ ಖಗೋಳ ಸಿದ್ಧಾಂತ ಗ್ರಂಥಗಳು ಇದೇ ಕೋಲನ್ನು ಶಂಕು ಎಂದು ಕರೆದು, ಅದಕ್ಕೆ 12 ಅಂಗುಲ ಎತ್ತರವನ್ನು ಗೊತ್ತುಮಾಡಿ, ಇದೇ ವಿಧಾನದಿಂದ ದಿಕ್ಕುಗಳನ್ನು ನಿರ್ಣಯಿಸಿವೆ. ಮಕ್ಕಳಿಗೆ ಈ ಮಾತನ್ನು ಗೆರೆ ಎಳೆದಾದ ಮೇಲೆ ಹೇಳಿ, ಮೊದಲು ಬೇಡ.

ಬೆಂಗಳೂರಿನ ಹೊರವಲಯದ ಒಂದು ಶಾಲೆಯಲ್ಲಿ ಜೂನ್ ಮೂರನೆಯ ವಾರ ಇದನ್ನು ಮಾಡಿಸಿದಾಗ, ಲೆಕ್ಕ ಹಾಕಿದ ಮೇಲೆ ಒಬ್ಬ ಹುಡುಗಿ ತನ್ನ ನೋಟ್‌ಬುಕ್ ಹಿಡಿದುಕೊಂಡು ಬಂದು, "ಸಾರ್, ನಮ್ಮ ಸ್ಕೂಲಿನ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ" ಎಂದಳು. ಅವಳ ಊಹೆ 12 ಗಂಟೆ. ಅಳತೆ ಕೊಟ್ಟದ್ದು 12 ಗಂಟೆ 20 ನಿಮಿಷ. ಅಳತೆಯನ್ನು ನಂಬಿ ಗಡಿಯಾರವನ್ನು ಅನುಮಾನಿಸಿದ ಆ ಮಾತಿಗಿಂತ ಒಳ್ಳೆಯ ಉತ್ತರವನ್ನು ನಾನು ಆ ವರ್ಷ ಕೇಳಲಿಲ್ಲ. ಇಂಥ ಹೊತ್ತಿನಲ್ಲಿ ಥಟ್ಟನೆ ವಿವರಣೆ ಕೊಡಬೇಡಿ. ಮಂಗಳೂರಿನಲ್ಲಿ ನೆಂಟರಿದ್ದವರು ಅಲ್ಲಿಯೂ ಒಂದು ಕೋಲು ನಿಲ್ಲಿಸಿ ನೋಡುವಂತೆ ಫೋನ್ ಮಾಡಲಿ ಎಂದಷ್ಟೇ ಹೇಳಿ. ಅಲ್ಲಿ ಅದೇ ಕ್ಷಣ ಇನ್ನೂ ಸುಮಾರು 11 ನಿಮಿಷ ತಡವಾಗಿ ಬರುತ್ತದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಭಾರತದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯವನ್ನು ತೋರಿಸುತ್ತವೆ. ಬೆಂಗಳೂರು ಸುಮಾರು 77.6 ಡಿಗ್ರಿಯಲ್ಲಿದೆ. ಈ ಮೂರು ಸಂಗತಿಗಳನ್ನು ಕರಿಹಲಗೆಯ ಮೇಲೆ ಬರೆದರೆ ಉಳಿದ ಗುಣಾಕಾರ, ವ್ಯವಕಲನವನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ. ಭೂಮಿಯ ಅಕ್ಷದ ಓರೆಯಿಂದಾಗಿ ಮತ್ತು ಅದರ ಕಕ್ಷೆ ಪೂರ್ಣ ವೃತ್ತವಲ್ಲದ ಕಾರಣ ಬೆಂಗಳೂರಿನ ನಿಜವಾದ ನಡುಹಗಲು, ಅಂದರೆ ನೆರಳು ಅತಿ ಚಿಕ್ಕದಾಗುವ ಕ್ಷಣ, ನವೆಂಬರ್ ಮೊದಲಲ್ಲಿ 12:03ಕ್ಕೂ ಫೆಬ್ರವರಿಯಲ್ಲಿ 12:34ರ ಹತ್ತಿರಕ್ಕೂ ಸರಿದಾಡುತ್ತದೆ. ತಿಂಗಳಿಗೊಮ್ಮೆ ಅಳೆಯುವ ತರಗತಿಗೆ ಇದು ತಾನಾಗಿಯೇ ಕಾಣಸಿಗುತ್ತದೆ.

ಜೂನ್ ತಿಂಗಳಲ್ಲಿ ಇನ್ನೊಂದು ಅಚ್ಚರಿಯೂ ಇದೆ. ಮಾರ್ಚ್ 21ರ ಸುಮಾರಿಗೆ ಬೆಂಗಳೂರಿನಲ್ಲಿ ಮೀಟರ್ ಕೋಲಿನ ನಡುಹಗಲಿನ ನೆರಳು ಸುಮಾರು 23 ಸೆಂಟಿಮೀಟರ್ ಉದ್ದವಿದ್ದು ಉತ್ತರಕ್ಕೆ ಬೀಳುತ್ತದೆ. ಜೂನ್ 21ಕ್ಕೆ ಸುಮಾರು 18 ಸೆಂಟಿಮೀಟರ್ ಉದ್ದವಾಗಿ ದಕ್ಷಿಣಕ್ಕೆ ಬೀಳುತ್ತದೆ. ಉತ್ತರದಿಂದ ದಕ್ಷಿಣಕ್ಕೆ ದಾಟಬೇಕಾದರೆ ನಡುವೆ ಒಂದು ದಿನ ನೆರಳೇ ಇಲ್ಲವಾಗಿರಬೇಕಲ್ಲವೇ ಎಂಬ ಪ್ರಶ್ನೆ ತರಗತಿಯಲ್ಲಿ ಯಾರಿಗಾದರೂ ಹೊಳೆಯುವವರೆಗೆ ಕಾಯಿರಿ.

ಆ ದಿನವೇ ಶೂನ್ಯ ನೆರಳಿನ ದಿನ. ಬೆಂಗಳೂರು ಮತ್ತು ಮಂಗಳೂರಿಗೆ ಅದು ಏಪ್ರಿಲ್ 24 ಅಥವಾ 25ಕ್ಕೆ, ಮತ್ತೆ ಆಗಸ್ಟ್ 18ರ ಆಸುಪಾಸಿಗೆ ಬರುತ್ತದೆ. ಹುಬ್ಬಳ್ಳಿಗೆ ಮೇ ಮೊದಲ ವಾರ, ಬೀದರಿಗೆ ಮೇ ಎರಡನೆಯ ವಾರ. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿರುವುದರಿಂದ ನಮ್ಮ ಪ್ರತಿಯೊಂದು ಊರಿಗೂ ಈ ಭಾಗ್ಯವಿದೆ, ದೆಹಲಿಗೆ ಇಲ್ಲ. ಆಗಸ್ಟ್‌ನಲ್ಲಿ ಮಲೆನಾಡು ಮತ್ತು ಕರಾವಳಿಯ ಮೇಲೆ ಮೋಡವಿರುವುದೇ ಹೆಚ್ಚು, ಹಾಗಾಗಿ ಅಲ್ಲಿನವರು ಬೇಸಿಗೆಯ ದಿನವನ್ನೇ ನೆಚ್ಚಿಕೊಳ್ಳಬೇಕು. ರಜೆಯ ಕಾಲವಾದ್ದರಿಂದ ಇದು ಮನೆಯವರ ಕೆಲಸವೂ ಹೌದು. ಬೆಂಗಳೂರಿನಲ್ಲಿ ಏಪ್ರಿಲ್‌ನ ಆ ದಿನ 12:17ರ ಸುಮಾರಿಗೆ, ನೇರ ಗೋಡೆಯ ಸ್ಟೀಲ್ ಡಬ್ಬಿಯನ್ನು ಟೆರೇಸಿನ ಮೇಲೆ ಕವುಚಿಟ್ಟರೆ ಅದರ ಸುತ್ತ ನೆರಳು ಕಾಣುವುದಿಲ್ಲ. ನೆಟ್ಟಗೆ ಹಿಡಿದ ಪೈಪಿನೊಳಗಿಂದ ಬಿಸಿಲು ನೇರವಾಗಿ ನೆಲ ಮುಟ್ಟುತ್ತದೆ. ಕೆಲವು ನಿಮಿಷಗಳಲ್ಲಿ ಡಬ್ಬಿಯ ಪೂರ್ವದ ಅಂಚಿನಲ್ಲಿ ಕಪ್ಪು ಗೆರೆಯೊಂದು ಇಣುಕತೊಡಗುತ್ತದೆ. ಮಕ್ಕಳು ಮಂಡಿಯೂರಿ ಕುಳಿತು ಅದನ್ನು ಕಾಯುವುದನ್ನು ನೋಡಬೇಕು.

ಈಗ ಎಲ್ಲಕ್ಕಿಂತ ದೊಡ್ಡ ಲೆಕ್ಕ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯ ಎಂಬ ಎರಡು ಊರುಗಳ ನಡುಹಗಲಿನ ನೆರಳನ್ನು ಹೋಲಿಸಿ ಭೂಮಿಯ ಸುತ್ತಳತೆಯನ್ನು ಲೆಕ್ಕ ಹಾಕಿದನು. ಇದಕ್ಕೆ ಒಂದರ ಉತ್ತರಕ್ಕೆ ಇನ್ನೊಂದಿರುವ ಎರಡು ಊರುಗಳು ಬೇಕು, ಮತ್ತು ನಮ್ಮ ರಾಜ್ಯದಲ್ಲಿಯೇ ಅಂಥ ಜೋಡಿ ಇದೆ: ಬೆಂಗಳೂರು ಮತ್ತು ಬೀದರ್. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ಬೆಂಗಳೂರಿನಲ್ಲಿ ನೆರಳು ಮಾಯವಾಗುವ ದಿನ ಬೀದರಿನ ಶಾಲೆಯೊಂದರಲ್ಲಿ ಮೀಟರ್ ಕೋಲು ನಿಲ್ಲಿಸಿದರೆ ನಡುಹಗಲಿನ ನೆರಳು ಸುಮಾರು 8.6 ಸೆಂಟಿಮೀಟರ್ ಇರುತ್ತದೆ. ತ್ರಿಕೋನಮಿತಿ ಕಲಿಯದ ಮಕ್ಕಳು ಗೋಡೆಯುದ್ದದ ಕಾಗದದ ಮೇಲೆ 100 ಮತ್ತು 8.6 ಸೆಂಟಿಮೀಟರ್ ಬಾಹುಗಳ ಲಂಬಕೋನ ತ್ರಿಭುಜವನ್ನು ಬರೆದು, ಮೇಲಿನ ಕೋನವನ್ನು ಕೋನಮಾಪಕದಿಂದ ಅಳೆಯಲಿ; ಸುಮಾರು 5 ಡಿಗ್ರಿ ಬರುತ್ತದೆ. ಸೂರ್ಯನ ಕಿರಣಗಳು ಎರಡೂ ಊರಿಗೆ ಸಮಾಂತರವಾಗಿ ಬರುವುದರಿಂದ, ಭೂಮಿಯ ಕೇಂದ್ರದಲ್ಲಿ ಎರಡು ಊರುಗಳ ನಡುವಿನ ಕೋನವೂ ಇದೇ. ಇಡೀ ವೃತ್ತದಲ್ಲಿ ಅಂಥ 72 ಕೋನಗಳು ಹಿಡಿಸುತ್ತವೆ. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಎರಡು ಊರುಗಳ ನಡುವಿನ ನೇರ ದೂರ ಸುಮಾರು 550 ಕಿಲೋಮೀಟರ್. ಬಸ್ಸಿನ ದಾರಿಯ ದೂರವನ್ನು ತೆಗೆದುಕೊಂಡರೆ ಲೆಕ್ಕ ಕೆಡುತ್ತದೆ. 72ನ್ನು 550ರಿಂದ ಗುಣಿಸಿದರೆ 39,600. ಧ್ರುವಗಳ ಮೂಲಕ ಅಳೆದ ಭೂಮಿಯ ಸುತ್ತಳತೆ ಸುಮಾರು 40,008 ಕಿಲೋಮೀಟರ್.

ವ್ಯತ್ಯಾಸ ಎಲ್ಲಿಂದ ಬಂತು ಎಂಬ ಚರ್ಚೆಗೆ ಒಂದು ಪೂರ್ತಿ ಪಿರಿಯಡ್ ಕೊಡಿ. ನೆರಳಿನ ತುದಿಯನ್ನು ಹತ್ತಿರದಿಂದ ನೋಡಿದರೆ ಅದು ಗೆರೆಯಲ್ಲ, ಸುಮಾರು ಒಂದು ಸೆಂಟಿಮೀಟರ್ ಅಗಲದ ಮಸುಕು ಅಂಚು. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಂಬ ಎಂಬುದಕ್ಕೆ ಆ ಮಸುಕೇ ಸಾಕ್ಷಿ. ಎರಡೂ ಊರಿನವರು ಮಸುಕಿನ ನಟ್ಟನಡುವೆ ಗುರುತು ಹಾಕುವುದೆಂದು ಮೊದಲೇ ಮಾತಾಡಿಕೊಳ್ಳಬೇಕು.

ಆ ದಿನ ಮೋಡ ಕವಿದರೆ ನಿರಾಶರಾಗಬೇಕಿಲ್ಲ. ಒಂದು ಊರಿನಲ್ಲಿ ನೆರಳು ಶೂನ್ಯವಾಗಲೇಬೇಕೆಂಬ ನಿಯಮವಿಲ್ಲ. ಎರಡೂ ಕಡೆ ಒಂದೇ ದಿನ ಅಳೆದು ಕೋನಗಳನ್ನು ಕಳೆದರೆ ಸಾಕು. ಡಿಸೆಂಬರ್ 22ರ ಸುಮಾರಿಗೆ ಬೆಂಗಳೂರಿನ ನೆರಳು 74 ಸೆಂಟಿಮೀಟರಿನ ಹತ್ತಿರವಿರುತ್ತದೆ, ಬೀದರಿನದು 88ರ ಹತ್ತಿರ. ಆ ಎರಡು ತ್ರಿಭುಜಗಳನ್ನು ಬರೆದು ಕೋನಗಳ ವ್ಯತ್ಯಾಸ ತೆಗೆದಾಗ ಮತ್ತೆ ಅದೇ 5 ಡಿಗ್ರಿ ಬರುತ್ತದೆ; ಚಳಿಗಾಲದ ಆಕಾಶ ಶುಭ್ರವಾಗಿಯೂ ಇರುತ್ತದೆ, ಶಾಲೆಯೂ ನಡೆಯುತ್ತಿರುತ್ತದೆ.