ಒಂದೇ ಐಪಿ ವಿಳಾಸ, ಹಲವು ರೌಟರ್: ಎನಿಕಾಸ್ಟ್ ಹೊಂದಿಸುವುದು ಹೇಗೆ?

ಒಂದೇ ವಿಳಾಸವನ್ನು ಎರಡು ರೌಟರ್‌ಗಳಿಗೆ ಕೊಟ್ಟರೆ ಗೊಂದಲ ಆಗುತ್ತದೆ ಅಲ್ವಾ? ಎನಿಕಾಸ್ಟ್‌ನಲ್ಲಿ ಬೇಕೆಂದೇ ಹಾಗೆ ಕೊಡುತ್ತೇವೆ. ಪ್ಯಾಕೆಟ್ ಎಲ್ಲಿಂದ ಹೊರಟರೂ ರೌಟಿಂಗ್ ಲೆಕ್ಕದಲ್ಲಿ ಹತ್ತಿರವಿರುವ ಕಡೆಗೆ ಹೋಗುತ್ತದೆ. ಡಿಎನ್‌ಎಸ್ ಎಂದರೆ ವೆಬ್‌ಸೈಟ್ ಹೆಸರಿಗೆ ಐಪಿ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ. ಅದರ ರೂಟ್ (ಮೂಲ) ಸರ್ವರ್‌ಗಳಿಗೆ ಇರುವುದು 13 ಹೆಸರು. ಆದರೂ ಜಗತ್ತಿನ ನೂರಾರು ಕಡೆಯಿಂದ ಅವು ಉತ್ತರ ಕೊಡುವುದು ಹೀಗೆಯೇ.

ಮೊದಲು ಪ್ರತಿ ರೌಟರ್‌ಗೂ ಅದರದೇ ಆದ ಲೂಪ್‌ಬ್ಯಾಕ್ (ಕೇಬಲ್ ಇಲ್ಲದ, ಸಾಫ್ಟ್‌ವೇರ್‌ನಲ್ಲೇ ಇರುವ ಪೋರ್ಟ್) ವಿಳಾಸ ಕೊಡಿ. ಲಾಗಿನ್ ಆಗಲು, ಮೇಲೆ ಕಣ್ಣಿಡಲು ಅದೇ ಬೇಕು. ರೌಟರ್‌ಗಳು ಒಂದಕ್ಕೊಂದು ದಾರಿ ತಿಳಿಸಿಕೊಳ್ಳುವ ವಿಧಾನಗಳಾದ ಓಎಸ್‌ಪಿಎಫ್, ಬಿಜಿಪಿ ಎರಡರಲ್ಲೂ ರೌಟರ್ ಐಡಿ (ಗುರುತು) ಎಂದು ಅದನ್ನೇ ನಮೂದಿಸಿ. ಇದನ್ನು ದಯವಿಟ್ಟು ಬಿಡಬೇಡಿ. ನೀವು ಐಡಿ ಕೊಡದಿದ್ದರೆ ಸಿಸ್ಕೋ ಕಂಪನಿಯ ರೌಟರ್ ತನ್ನ ಲೂಪ್‌ಬ್ಯಾಕ್‌ಗಳಲ್ಲಿ ಅತಿ ದೊಡ್ಡ ವಿಳಾಸವನ್ನು ಆರಿಸಿಕೊಳ್ಳುತ್ತದೆ. ಅದು ಎನಿಕಾಸ್ಟ್ ವಿಳಾಸವೇ ಆದರೆ ಎರಡು ರೌಟರ್‌ಗೆ ಒಂದೇ ಐಡಿ ಬರುತ್ತದೆ. ಆಮೇಲೆ ನೆಟ್‌ವರ್ಕ್‌ನಲ್ಲಿ ದಾರಿಗಳು ಬಂದು ಹೋಗುತ್ತಲೇ ಇರುತ್ತವೆ, ಕಾರಣ ಮಾತ್ರ ಸುಲಭಕ್ಕೆ ಸಿಗುವುದಿಲ್ಲ.

ಈಗ ಎರಡನೇ ಲೂಪ್‌ಬ್ಯಾಕ್ ತೆರೆದು ಎನಿಕಾಸ್ಟ್ ವಿಳಾಸ ಹಾಕಿ. ಉದಾಹರಣೆಗೆ 192.0.2.53/32 (/32 ಎಂದರೆ ಅದೊಂದೇ ವಿಳಾಸ). ಎಲ್ಲ ರೌಟರ್‌ಗಳಲ್ಲೂ ಇದೇ ಇರಲಿ. ಐಪಿವಿ6 ಆದರೆ /128 ಬಳಸಿ. ರೌಟರ್‌ಗಳು ಒಂದೇ ಲ್ಯಾನ್‌ನಲ್ಲಿದ್ದು ಆ ಲ್ಯಾನ್ ಪೋರ್ಟ್‌ಗೇ ವಿಳಾಸ ಕೊಡುವುದಾದರೆ, ಸಿಸ್ಕೋದಲ್ಲಿ ಆ ಐಪಿವಿ6 ವಿಳಾಸದ ಸಾಲಿನ ಕೊನೆಗೆ ‘anycast’ ಎಂಬ ಪದ ಸೇರಿಸಿ. ಇಲ್ಲದಿದ್ದರೆ ‘ಡೂಪ್ಲಿಕೇಟ್ ವಿಳಾಸ’ ಎಂದು ರೌಟರ್ ಅದನ್ನು ಬಳಸುವುದಿಲ್ಲ.

ಸೇವೆ (ಉದಾಹರಣೆಗೆ ಡಿಎನ್‌ಎಸ್) ರೌಟರ್‌ನ ಹಿಂದಿರುವ ಸರ್ವರ್‌ನಲ್ಲಿದ್ದರೆ ಎನಿಕಾಸ್ಟ್ ವಿಳಾಸ ರೌಟರ್‌ಗಲ್ಲ, ಸರ್ವರ್‌ನ ಲೂಪ್‌ಬ್ಯಾಕ್‌ಗೆ ಸೇರಬೇಕು. ರೌಟರ್‌ಗೆ ಅಲ್ಲಿಗೆ ಹೋಗುವ ದಾರಿ ಗೊತ್ತಿದ್ದರೆ ಸಾಕು.

ನಂತರ ಆ ವಿಳಾಸವನ್ನು ಓಎಸ್‌ಪಿಎಫ್ ಅಥವಾ ಬಿಜಿಪಿಯಲ್ಲಿ ಸಾರಿ (ಉಳಿದ ರೌಟರ್‌ಗಳಿಗೆ ತಿಳಿಸಿ). ಸ್ವಂತ ನೆಟ್‌ವರ್ಕ್ ಒಳಗೆ /32 ನಡೆಯುತ್ತದೆ. ಇಂಟರ್‌ನೆಟ್‌ಗೆ ಸಾರುವುದಾದರೆ ಐಪಿವಿ4ಗೆ ಕನಿಷ್ಠ /24 (256 ವಿಳಾಸಗಳ ತುಂಡು), ಐಪಿವಿ6ಗೆ /48 ಬೇಕು. ಅದಕ್ಕಿಂತ ಸಣ್ಣ ತುಂಡನ್ನು ಹೆಚ್ಚಿನವರು ಫಿಲ್ಟರ್ ಮಾಡುತ್ತಾರೆ.

ಜಾಸ್ತಿ ಗಮನ ಬೇಕಾದ್ದು ಇಲ್ಲಿ. ಡಿಎನ್‌ಎಸ್ ಪ್ರೋಗ್ರಾಂ ನಿಂತರೂ ಲೂಪ್‌ಬ್ಯಾಕ್ ಚಾಲೂ ಇರುತ್ತದೆ. ರೌಟರ್ ‘ಇಲ್ಲಿಗೇ ಬನ್ನಿ’ ಎಂದು ಕರೆಯುತ್ತಲೇ ಇರುತ್ತದೆ. ಬಂದ ಪ್ರಶ್ನೆಗಳಿಗೆ ಉತ್ತರವಿಲ್ಲ. ಪಕ್ಕದ ಸರ್ವರ್ ಸುಮ್ನೆ ಕೂತಿರುತ್ತದೆ. ಆದ್ದರಿಂದ ಸರ್ವರ್‌ನಲ್ಲಿ ಬರ್ಡ್ ಅಥವಾ ಎಕ್ಸಾಬಿಜಿಪಿ (ಸರ್ವರ್‌ನಿಂದಲೇ ದಾರಿ ಸಾರುವ ಪ್ರೋಗ್ರಾಂಗಳು) ಓಡಿಸಿ, ಜೊತೆಗೆ ಕೆಲವು ಸೆಕೆಂಡಿಗೊಮ್ಮೆ ನಿಜವಾದ ಪ್ರಶ್ನೆ ಕೇಳುವ ಸ್ಕ್ರಿಪ್ಟ್ ಇಡಿ. ಉತ್ತರ ಸತತವಾಗಿ ತಪ್ಪಿದರೆ ಸ್ಕ್ರಿಪ್ಟ್ ಸಾರಿದ ದಾರಿಯನ್ನು ಹಿಂತೆಗೆಯಲಿ. ಒಂದೇ ಸಲ ತಪ್ಪಿದ್ದಕ್ಕೆ ಬೇಡ. ದಾರಿ ಪದೇ ಪದೇ ಬದಲಾದರೆ ನಡೆಯುತ್ತಿರುವ ಟಿಸಿಪಿ ಸಂಪರ್ಕಗಳು ಕಡಿದುಹೋಗುತ್ತವೆ.

ಕೊನೆಗೆ ಎರಡು ಬೇರೆ ಜಾಗಗಳಿಂದ ಟ್ರೇಸ್‌ರೌಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಪರೀಕ್ಷೆ) ಮಾಡಿ. ಒಂದು ಕಡೆ ಡಿಎನ್‌ಎಸ್ ಪ್ರೋಗ್ರಾಂ ಮಾತ್ರ ನಿಲ್ಲಿಸಿ, ರೌಟರ್ ಮುಟ್ಟಬೇಡಿ. ಪ್ರಶ್ನೆಗಳು ಇನ್ನೊಂದು ಕಡೆಗೆ ತಿರುಗಿದರೆ ನಿಮ್ಮ ಸ್ಕ್ರಿಪ್ಟ್ ಕೆಲಸ ಮಾಡುತ್ತಿದೆ.