ಹಳೆಯ ಗಾಡಿ ಗುಂಯ್‌ಗುಡುತ್ತಿದೆಯಾ? ಮೊದಲು ಕಿವಿಗೆ ಕೆಲಸ ಕೊಡಿ

ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಮನೆಯ ಹಳೆಯ ಜೀಪು ಹಾಡಲು ಶುರುಮಾಡಿತು. ವೇಗ 40 ದಾಟಿದರೆ ಸಾಕು, ಹಿಂದಿನಿಂದ ‘ಊಂ...’ ಎಂಬ ರಾಗ. ‘ವೀಲ್ ಬೇರಿಂಗ್ ಹೋಗಿದೆ ಸಾರ್’ ಎಂದರು ಗ್ಯಾರೇಜಿನಲ್ಲಿ. ಹಿಂದಿನ ಎರಡೂ ಬೇರಿಂಗ್ ಬದಲಾದವು, ದುಡ್ಡೂ ಹೋಯಿತು, ರಾಗ ಮಾತ್ರ ಹಾಗೇ ಉಳಿಯಿತು. ಕೊನೆಗೆ ಇನ್ನೊಬ್ಬ ಮೇಸ್ತ್ರಿ ಡಿಫರೆನ್ಷಿಯಲ್‌ನ (ಎಂಜಿನ್ನಿನ ಬಲವನ್ನು ಎಡ-ಬಲ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಆಯಿಲ್ ಇಳಿಸಿದಾಗ ಹಾಲು ಹಾಕಿದ ಕಾಫಿಯಂಥದ್ದು ಸುರಿಯಿತು. ಹಳ್ಳ ದಾಟಿಸುವಾಗ ಒಳಗೆ ನೀರು ಸೇರಿತ್ತು!

ತಪ್ಪು ಮೊದಲ ಗ್ಯಾರೇಜಿನವರದೊಂದೇ ಅಲ್ಲ. ‘ಹಿಂದಿನಿಂದ ಸದ್ದು ಬರುತ್ತೆ’ ಎಂದಷ್ಟೇ ಹೇಳಿ ಗಾಡಿ ಬಿಟ್ಟು ಬಂದವನು ನಾನು. ಗಾಡಿಯ ಬಾಡಿ ಪೂರ್ತಿ ತಗಡು. ಒಂದು ಮೂಲೆಯ ಸದ್ದನ್ನು ಇನ್ನೊಂದು ಮೂಲೆಗೆ ತಂದು ಕೇಳಿಸುತ್ತದೆ. ಹಾಗಾಗಿ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕುವ ಮೊದಲು ಯಾವಾಗ ಬರುತ್ತಿದೆ ಎಂದು ನೋಡಬೇಕು. ಅದಕ್ಕೆ ಅರ್ಧ ಗಂಟೆ, ಖಾಲಿ ರಸ್ತೆ ಮತ್ತು ಹಿಂದಿನ ಸೀಟಿನಲ್ಲಿ ಕಿವಿಗೊಟ್ಟು ಕೂರುವ ಒಬ್ಬ ಗೆಳೆಯ ಸಾಕು.

ನಿಂತಲ್ಲೇ ಮಾಡುವ ಪರೀಕ್ಷೆ

ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿ, ನಿಧಾನಕ್ಕೆ ಆಕ್ಸಿಲರೇಟರ್ ಒತ್ತಿ. ಸದ್ದು ಈಗಲೇ ಬಂದರೆ ಚಕ್ರ, ಆಕ್ಸಲ್‌ಗಳನ್ನು ಮರೆತುಬಿಡಿ. ಬೆಲ್ಟ್ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ಸದ್ದು ಬದಲಾದರೆ ಬೆಲ್ಟಿನದೇ ತಕರಾರು. ಹೆಡ್‌ಲೈಟ್ ಹಾಕಿದಾಗ ಬದಲಾದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಸ್ಟೇರಿಂಗ್ ತಿರುಗಿಸಿದಾಗ ಜಾಸ್ತಿಯಾದರೆ ಪವರ್ ಸ್ಟೇರಿಂಗ್ ಪಂಪ್ ಮೇಲೆ ಅನುಮಾನ ಪಡಬಹುದು.

ಈಗ ಕ್ಲಚ್ ಒತ್ತಿ. ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್ ಬೇರಿಂಗ್ ಕಡೆ ನೋಡಿ. ಒತ್ತಿದಾಗಲೇ ಸದ್ದು ಶುರುವಾದರೆ ಅದು ಸಾಮಾನ್ಯವಾಗಿ ಕ್ಲಚ್ ರಿಲೀಸ್ ಬೇರಿಂಗ್.

ಓಡುವಾಗ

ನೇರವಾದ ಖಾಲಿ ರಸ್ತೆಯಲ್ಲಿ ಗಾಡಿಯನ್ನು ಸದ್ದು ಬರುವ ವೇಗಕ್ಕೆ ತನ್ನಿ. ಕ್ಲಚ್ ಒತ್ತಿ, ನ್ಯೂಟ್ರಲ್‌ಗೆ ಹಾಕಿ, ಗಾಡಿ ತಾನಾಗಿಯೇ ಉರುಳಲಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ. ಬ್ರೇಕ್‌ನ ಬೂಸ್ಟರ್‌ಗೆ ಅದರ ಬಲ ಬೇಕು, ಕೀ ತೆಗೆದರೆ ಸ್ಟೇರಿಂಗ್ ಲಾಕ್ ಆಗಿಬಿಡಬಹುದು. ಇಳಿಜಾರಿನಲ್ಲಿ ಈ ಪರೀಕ್ಷೆ ಬೇಡವೇ ಬೇಡ.

ಎಂಜಿನ್ ವೇಗ ಇಳಿದರೂ ಸದ್ದು ಹಾಗೇ ಇದೆಯಾ? ಹಾಗಾದರೆ ಅದು ಚಕ್ರಗಳ ಜೊತೆ ತಿರುಗುವ ಭಾಗದ್ದು: ಡಿಫರೆನ್ಷಿಯಲ್, ವೀಲ್ ಬೇರಿಂಗ್ ಅಥವಾ ಟೈರ್. ಈ ಮೂರನ್ನು ಬೇರೆ ಮಾಡುವುದೇ ಕಷ್ಟದ ಕೆಲಸ. ನಾನು ಮೋಸ ಹೋದದ್ದೂ ಇಲ್ಲೇ.

ಟೈರ್ ಸುಲಭಕ್ಕೆ ಸಿಕ್ಕಿಬೀಳುತ್ತದೆ. ಡಾಂಬರಿನಿಂದ ಕಾಂಕ್ರೀಟ್ ರಸ್ತೆಗೆ ಇಳಿದಾಗ ಸ್ವರ ಬದಲಾದರೆ ಟೈರಿನದೇ ಕೆಲಸ. ಅಂಗೈಯಿಂದ ಸವರಿ ನೋಡಿ, ಸವೆತ ಏರುಪೇರಾಗಿದ್ದರೆ ಕೈಗೆ ತಿಳಿಯುತ್ತದೆ.

ವೀಲ್ ಬೇರಿಂಗ್‌ಗೆ ತೂಕದ ಪರೀಕ್ಷೆ. ಸ್ಟೇರಿಂಗನ್ನು ಮೆಲ್ಲಗೆ ಎಡಕ್ಕೆ, ಆಮೇಲೆ ಬಲಕ್ಕೆ ವಾಲಿಸಿ. ಗಾಡಿ ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ. ಮನೆಗೆ ಬಂದು ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು ಭದ್ರ ಮಾಡಿ ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಕೈ ಸ್ಪ್ರಿಂಗ್ ಮೇಲಿರಲಿ. ಕೆಟ್ಟ ಬೇರಿಂಗ್‌ನ ಗರಗರ ಕಿವಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ.

ಡಿಫರೆನ್ಷಿಯಲ್‌ದು ಗರಗರ ಅಲ್ಲ, ಸ್ವರ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಹೆಚ್ಚುಕಡಿಮೆ 500 ಸುತ್ತು ಹಾಕುತ್ತದೆ, ಗೇರ್‌ಬಾಕ್ಸಿನಿಂದ ಡಿಫರೆನ್ಷಿಯಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಅದರ ಸುಮಾರು 4 ಪಟ್ಟು. ಅದು ತಿರುಗಿಸುವ ಸಣ್ಣ ಗೇರ್‌ಗೆ, ಅಂದರೆ ಪಿನಿಯನ್‌ಗೆ, 10 ಹಲ್ಲಿದ್ದರೆ ಸೆಕೆಂಡಿಗೆ 330ರಷ್ಟು ಸಲ ಹಲ್ಲಿಗೆ ಹಲ್ಲು ತಾಗುತ್ತದೆ. ಅದು ಹಾರ್ಮೋನಿಯಂ ನುಡಿಸುವ ಎತ್ತರದ ಸ್ವರವೇ!

ಇದನ್ನು ಹಿಡಿಯಲು ಕಾಲು ಬೇಕು. ಒಂದೇ ವೇಗದ ಆಸುಪಾಸಿನಲ್ಲಿ ಆಕ್ಸಿಲರೇಟರ್ ಒತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿಯಿರಿ, ಆಮೇಲೆ ಪೂರ್ತಿ ಬಿಡಿ. ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಹಾಡಿದರೆ ಕ್ರೌನ್ (ಪಿನಿಯನ್ ತಿರುಗಿಸುವ ದೊಡ್ಡ ಗೇರ್) ಮತ್ತು ಪಿನಿಯನ್ ಹಲ್ಲುಗಳು ಒಂದು ಮಗ್ಗುಲಲ್ಲಿ ಸವೆದಿರಬಹುದು, ಇಲ್ಲವೇ ಜೋಡಣೆ ತಪ್ಪಿರಬಹುದು. ಟೈರ್ ಮತ್ತು ವೀಲ್ ಬೇರಿಂಗ್ ನಿಮ್ಮ ಕಾಲಿನ ಮಾತನ್ನು ಅಷ್ಟಾಗಿ ಕೇಳುವುದಿಲ್ಲ. ನಮ್ಮ ಜೀಪು ಕಾಲು ಬಿಟ್ಟಾಗ ಜೋರಾಗಿ ಕೂಗುತ್ತಿತ್ತು. ಅದೊಂದನ್ನು ನಾನು ಗಮನಿಸಿ ಹೇಳಿದ್ದರೆ ಎರಡು ಬೇರಿಂಗ್‌ಗಳ ದುಡ್ಡು ಉಳಿಯುತ್ತಿತ್ತು.

ನ್ಯೂಟ್ರಲ್‌ಗೆ ಹಾಕಿದಾಗ ಸದ್ದು ನಿಂತರೆ ಗೇರ್‌ಬಾಕ್ಸ್ ನೋಡಬೇಕು. ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರ್. ಹಿಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಸಾಮಾನ್ಯವಾಗಿ ನಾಲ್ಕನೇ ಗೇರ್ ನೇರ; ಬಲ ಲೇ ಶಾಫ್ಟ್ (ಗೇರ್‌ಬಾಕ್ಸ್ ಒಳಗಿನ ಪಕ್ಕದ ಶಾಫ್ಟ್) ಮೂಲಕ ಹೋಗುವುದಿಲ್ಲ. ಉಳಿದ ಗೇರ್‌ಗಳಲ್ಲಿ ಕೂಗಿ ನಾಲ್ಕರಲ್ಲಿ ತಣ್ಣಗಾದರೆ ಲೇ ಶಾಫ್ಟ್ ಬೇರಿಂಗ್ ಎನ್ನಬಹುದು. ರಿವರ್ಸ್‌ನಲ್ಲಿ ಕೂಗಿದರೆ ಗಾಬರಿ ಬೇಡ. ಆ ಗೇರಿನ ಹಲ್ಲುಗಳು ಹೆಚ್ಚಾಗಿ ನೇರವಾಗಿರುತ್ತವೆ, ಹೊಸ ಗಾಡಿಯಲ್ಲೂ ಕೂಗುತ್ತವೆ.

ಆಂಬಾಸಿಡರ್, ಓಮ್ನಿ, ಬೊಲೆರೊ ಇವೆಲ್ಲ ಹಿಂದಿನ ಚಕ್ರದ ಗಾಡಿಗಳು. ಮಾರುತಿ 800ರಂಥವುಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎರಡೂ ಮುಂದೆ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಅಲ್ಲಿ ಎರಡನ್ನೂ ಒಟ್ಟಿಗೇ ಇಳಿಸಿ ನೋಡಬೇಕಾಗುತ್ತದೆ.

ಬಿಚ್ಚುವ ಮೊದಲು ಆಯಿಲ್ ನೋಡಿ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ. ಮೊದಲು ಡಿಫರೆನ್ಷಿಯಲ್‌ನ ಮೇಲಿನ ಪ್ಲಗ್ (ಆಯಿಲ್ ತುಂಬುವ ತೂತಿನದು) ತೆಗೆಯಿರಿ, ಆಯಿಲ್ ಇಳಿಸುವ ಕೆಳಗಿನದನ್ನಲ್ಲ. ಮೇಲಿನದು ತುಕ್ಕು ಹಿಡಿದು ಬಿಚ್ಚದೇ ಹೋದರೆ ಖಾಲಿಯಾದ ಆಕ್ಸಲ್‌ಗೆ ಆಯಿಲ್ ತುಂಬುವುದು ಎಲ್ಲಿಂದ? ಸಾಮಾನ್ಯವಾಗಿ ಆಯಿಲ್ ಆ ತೂತಿನ ಅಂಚಿನವರೆಗೆ ಇರಬೇಕು. ಬೆಳ್ಳಗಾಗಿದ್ದರೆ ನೀರು ಸೇರಿದೆ. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿಯಾಡುವ ಸಣ್ಣ ತೂತು) ಅಥವಾ ಹಳೆಯ ಸೀಲ್ ಮೂಲಕ ನೀರನ್ನು ಎಳೆದುಕೊಳ್ಳುತ್ತದೆ. ಮಲೆನಾಡಿನಲ್ಲಿ ಹಳ್ಳ ದಾಟಿಸುವವರು ಮಳೆಗಾಲ ಮುಗಿದ ಮೇಲೆ ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಆಯಿಲ್‌ನಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್ ಸ್ವಲ್ಪ ಇದ್ದರೆ ಅದು ವಯಸ್ಸಿನ ಸವೆತ. ಕೈಗೆ ಚುಚ್ಚುವ ಚೂರು ಸಿಕ್ಕರೆ ಬಿಚ್ಚಲೇಬೇಕು. ಹಿಂದಿನ ಆಕ್ಸಲ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್. ಅದನ್ನೇ ಹಳೆಯ ಗೇರ್‌ಬಾಕ್ಸಿಗೂ ಸುಮ್ನೆ ಸುರಿಯಬೇಡಿ. ಕೆಲವು ಜಿಎಲ್-5 ಆಯಿಲ್‌ಗಳು ಒಳಗಿನ ಹಿತ್ತಾಳೆ ರಿಂಗ್‌ಗಳನ್ನು ತಿನ್ನುತ್ತವೆ. ಗಾಡಿಯ ಪುಸ್ತಕ ಹೇಳಿದ್ದನ್ನೇ ಹಾಕಿ.

ಕ್ರೌನ್, ಪಿನಿಯನ್ ಬದಲಿಸುವುದಾದರೆ ಜೋಡಿಯಾಗಿಯೇ ಬದಲಿಸಬೇಕು, ಅಳತೆ ನೋಡಿ ಶಿಮ್ (ತೆಳುವಾದ ಲೋಹದ ಬಿಲ್ಲೆ) ಇಟ್ಟು ಕೂರಿಸಬೇಕು. ‘ಪಿನಿಯನ್ ನಟ್ ಒಂಚೂರು ಬಿಗಿ ಮಾಡಿದ್ರೆ ಸರಿಹೋಗುತ್ತೆ’ ಎನ್ನುವವರ ಕೈಗೆ ಸ್ಪ್ಯಾನರ್ ಕೊಡಬೇಡಿ. ಬೇರಿಂಗ್ ಮೇಲಿನ ಬಿಗಿತ ಹೆಚ್ಚುಕಮ್ಮಿಯಾದರೆ ಇರುವುದೂ ಹಾಳಾಗುತ್ತದೆ.

ವೀಲ್ ಬೇರಿಂಗ್ ಗರಗರ ಎಂದರೆ ಮುಂದೂಡಬೇಡಿ, ಓಡುತ್ತಿರುವಾಗಲೇ ಅದು ಕಚ್ಚಿಕೊಳ್ಳಬಹುದು. ಹಲ್ಲು ಸವೆದ ಸಣ್ಣ ರಾಗಕ್ಕೆ ಮಾತ್ರ, ಆಯಿಲ್ ಸರಿಯಿದ್ದು ಸದ್ದು ಏರದಿದ್ದರೆ, ಅಷ್ಟು ಅವಸರ ಇಲ್ಲ. ನಮ್ಮ ಜೀಪಿಗೆ ಪಿನಿಯನ್ ಬೇರಿಂಗ್, ಸೀಲ್, ಹೊಸ ಆಯಿಲ್ ಬಿದ್ದ ಮೇಲೂ 50ರ ಹತ್ತಿರ ಕಾಲು ಬಿಟ್ಟರೆ ತೆಳುವಾಗಿ ಗುಂಯ್ ಅನ್ನುತ್ತದೆ. ಹಾಗೇ ಬಿಟ್ಟಿದ್ದೇನೆ, ಆಯಿಲ್ ಮಾತ್ರ ಆಗಾಗ ನೋಡುತ್ತೇನೆ.